ಸ್ವಿಚ್ ಯಾವುದು, ಬರೀ ಕಂಪ್ಯೂಟರ್ ಯಾವುದು: ನೆಟ್‌ವರ್ಕ್ ಶೋಧನಾ ತಂತ್ರಾಂಶ ಗುರುತು ಹಿಡಿಯುವ ಬಗೆ, ಹಂತ ಹಂತವಾಗಿ

ಶಿವಮೊಗ್ಗ ಜಿಲ್ಲೆಯ ಅಡಿಕೆ ಮಂಡಿ, ಸಹಕಾರ ಸಂಘ, ಕಾಲೇಜು, ನರ್ಸಿಂಗ್ ಹೋಂ, ಹೀಗೆ ಎಲ್ಲಿಗೇ ಹೋದರೂ ಅಲ್ಲಿನ ನೆಟ್‌ವರ್ಕ್ ಒಂದೇ ಸಲಕ್ಕೆ ಯೋಜಿಸಿ ಕಟ್ಟಿದ್ದಾಗಿರುವುದು ಅಪರೂಪ. ಮೊದಲು ನಾಲ್ಕು ಕಂಪ್ಯೂಟರ್ ಬರುತ್ತವೆ, ಆಮೇಲೆ ಗೋದಾಮಿಗೊಂದು ಕೇಬಲ್, ಅದರ ಬೆನ್ನಿಗೇ ಸಿಸಿಟಿವಿ, ವೈಫೈ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ ಸುಟ್ಟುಹೋದರೆ ಹತ್ತಿರದ ಅಂಗಡಿಯಲ್ಲಿ ಆ ಹೊತ್ತಿಗೆ ಸಿಕ್ಕಿದ್ದು ಅದರ ಜಾಗಕ್ಕೆ ಬಂದು ಕೂರುತ್ತದೆ. ನಕ್ಷೆ ಮಾತ್ರ ಯಾರ ಬಳಿಯೂ ಇರುವುದಿಲ್ಲ.

ಅಂಥ ಕಡೆ ಶೋಧನಾ ತಂತ್ರಾಂಶವನ್ನು ಓಡಿಸಿದರೆ ಐಪಿ ವಿಳಾಸಗಳ ಉದ್ದನೆಯ ಪಟ್ಟಿ ಸಿಗುತ್ತದೆ. ಪಟ್ಟಿ ಸಿಗುವುದು ಕಷ್ಟವಲ್ಲ. ಪ್ರತಿ ವಿಳಾಸದ ಮುಂದೆ ಅದು ಎಂಥ ಸಾಧನ ಎಂದು ತಂತ್ರಾಂಶ ಬರೆಯುವ ಮಾತನ್ನು ನಂಬಬಹುದೇ ಎಂಬುದು ಕಷ್ಟ. ಸಾಧನಗಳಲ್ಲಿ ಎರಡು ಜಾತಿ. ಸ್ವಿಚ್, ರೂಟರ್, ವೈಫೈ ಆಕ್ಸೆಸ್ ಪಾಯಿಂಟ್, ಫೈರ್‌ವಾಲ್‌ಗಳು ಬೇರೆಯವರ ದತ್ತಾಂಶವನ್ನು ದಾಟಿಸುತ್ತವೆ. ಇವು ಮೂಲಸೌಕರ್ಯದ ಸಾಧನಗಳು. ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ, ಮೊಬೈಲ್‌ಗಳು ತಮ್ಮ ದತ್ತಾಂಶವನ್ನು ಮಾತ್ರ ಕಳಿಸಿ ಪಡೆಯುತ್ತವೆ. ಇವು ತುದಿಯ ಸಾಧನಗಳು. ಈ ವಿಂಗಡಣೆ ತಪ್ಪಿದರೆ ಸಂಜೆ ಕಚೇರಿ ಮುಚ್ಚಿ ಒಂದೊಂದೇ ಕಂಪ್ಯೂಟರ್ ಆರಿದಾಗಲೆಲ್ಲ ಎಚ್ಚರಿಕೆಯ ಸಂದೇಶ ಬಂದು ಬೀಳುತ್ತದೆ. ಇಡೀ ಮಹಡಿಯನ್ನು ಹೊತ್ತಿರುವ ಸ್ವಿಚ್ ಸತ್ತಾಗ ಸದ್ದೇ ಇರುವುದಿಲ್ಲ.

ಈ ಮಾರ್ಗದರ್ಶಿ ನಿಂತಿರುವುದು ಒಂದು ನಿಲುವಿನ ಮೇಲೆ: ಸಾಧನ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದಕ್ಕೆ ಕಡಿಮೆ ತೂಕ ಕೊಡಿ, ಅದು ಮಾಡುತ್ತಿರುವ ಕೆಲಸದ ದಾಖಲೆಗೆ ಮತ್ತು ಅಕ್ಕಪಕ್ಕದ ಸಾಧನಗಳ ಸಾಕ್ಷ್ಯಕ್ಕೆ ಹೆಚ್ಚು ತೂಕ ಕೊಡಿ. ಮುಂದಿನ ಹಂತಗಳೆಲ್ಲ ಇದರ ಬೆನ್ನು ಹಿಡಿದೇ ಸಾಗುತ್ತವೆ.

ಹಂತ 1: ಶೋಧನೆಗೆ ಮುಂಚಿನ ಸಿದ್ಧತೆ

ಸಂಸ್ಥೆಯ ಮುಖ್ಯಸ್ಥರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಬೇರೆಯವರ ನೆಟ್‌ವರ್ಕ್ ಅನ್ನು ಅನುಮತಿಯಿಲ್ಲದೆ ಶೋಧಿಸಬಾರದು. ನಿಮ್ಮದೇ ಕಚೇರಿಯಾದರೂ ಒಪ್ಪಿಗೆ ಕಾಗದದಲ್ಲಿರಲಿ.

ಆಮೇಲೆ ನಿರ್ವಹಣೆ ಸಾಧ್ಯವಿರುವ ಪ್ರತಿ ಸ್ವಿಚ್ ಮತ್ತು ರೂಟರ್‌ನಲ್ಲಿ ಎಸ್‌ಎನ್‌ಎಂಪಿಯನ್ನು ಓದುವ ಅಧಿಕಾರಕ್ಕಷ್ಟೇ ಸೀಮಿತಗೊಳಿಸಿ ತೆರೆಯಿರಿ. ಸಾಧನಗಳನ್ನು ಪ್ರಶ್ನೆ ಕೇಳಿ ಉತ್ತರ ಪಡೆಯುವ ಈ ವ್ಯವಸ್ಥೆ ಯುಡಿಪಿ 161ನೇ ಪೋರ್ಟ್‌ನಲ್ಲಿ ನಡೆಯುತ್ತದೆ. ಮೂರನೆಯ ಆವೃತ್ತಿ ಇದ್ದರೆ ಅದನ್ನೇ ಬಳಸಿ, ಅದರಲ್ಲಿ ಗುಪ್ತಪದವೂ ಗೂಢಲಿಪಿಯೂ ಇವೆ. ಎರಡನೆಯ ಆವೃತ್ತಿಯೇ ಗತಿ ಎಂದಾದರೆ ‘ಪಬ್ಲಿಕ್’ ಎಂಬ ಎಲ್ಲರಿಗೂ ಗೊತ್ತಿರುವ ಸಂಕೇತಪದವನ್ನು ಬದಲಿಸಿ, ಶೋಧನೆ ನಡೆಸುವ ಯಂತ್ರದ ವಿಳಾಸಕ್ಕೆ ಮಾತ್ರ ಉತ್ತರ ಹೋಗುವಂತೆ ಕಟ್ಟುಪಾಡು ಹಾಕಿ. ಸಾಧನಗಳು ಅಕ್ಕಪಕ್ಕದವಕ್ಕೆ ತಮ್ಮ ಪರಿಚಯ ಹೇಳಿಕೊಳ್ಳುವ ಎಲ್‌ಎಲ್‌ಡಿಪಿಯನ್ನೂ ಈಗಲೇ ಚಾಲೂ ಮಾಡಿ. ಬಹಳ ಸ್ವಿಚ್‌ಗಳಲ್ಲಿ ಅದು ಸೌಲಭ್ಯವಾಗಿ ಇದ್ದೂ ಆರಿಸಿಟ್ಟ ಸ್ಥಿತಿಯಲ್ಲಿರುತ್ತದೆ.

ಹಂತ 2: ಜೀವಂತ ವಿಳಾಸಗಳ ಪಟ್ಟಿ

‘ಇದ್ದೀಯಾ’ ಎಂದು ವಿಳಾಸವನ್ನು ಕೇಳುವ ಪಿಂಗ್ ಒಂದನ್ನೇ ನೆಚ್ಚಬೇಡಿ. ವಿಂಡೋಸ್‌ನ ಫೈರ್‌ವಾಲ್ ಸಾಮಾನ್ಯವಾಗಿ ಹೊರಗಿನ ಪಿಂಗ್‌ಗೆ ಉತ್ತರ ಕೊಡುವುದಿಲ್ಲ. ಒಂದೇ ಜಾಲದೊಳಗಿದ್ದರೆ ಎಆರ್‌ಪಿ ಮೂಲಕ, ಅಂದರೆ ಐಪಿ ಹೇಳಿ ನೆಟ್‌ವರ್ಕ್ ಕಾರ್ಡಿನ ಗುರುತಾದ ಮ್ಯಾಕ್ ವಿಳಾಸವನ್ನು ವಿಚಾರಿಸುವ ವ್ಯವಸ್ಥೆಯ ಮೂಲಕ, ಕೇಳಿ. ಮಾತುಕತೆ ನಡೆಯಬೇಕಾದರೆ ಎಆರ್‌ಪಿಗೆ ಉತ್ತರಿಸಲೇಬೇಕು, ಫೈರ್‌ವಾಲ್ ಇದ್ದರೂ ಸಾಮಾನ್ಯವಾಗಿ ಉತ್ತರ ಬರುತ್ತದೆ. ಬೇರೆ ವಿಎಲ್‌ಎಎನ್‌ಗಳಲ್ಲಿ (ಅದೇ ಸ್ವಿಚ್‌ಗಳ ಮೇಲೆ ಬೇರೆ ಬೇರೆಯಾಗಿ ಭಾಗ ಮಾಡಿದ ಜಾಲಗಳಲ್ಲಿ) ಇರುವವುಗಳಿಗೆ ರೂಟರ್‌ನ ಎಆರ್‌ಪಿ ಪಟ್ಟಿಯನ್ನು ಎಸ್‌ಎನ್‌ಎಂಪಿ ಮೂಲಕ ಓದಿ, ಅದು 1.3.6.1.2.1.4.22 ಎಂಬ ಕೊಂಬೆಯಲ್ಲಿದೆ (ಎಸ್‌ಎನ್‌ಎಂಪಿಯಲ್ಲಿ ಪ್ರತಿ ಪ್ರಶ್ನೆಗೂ ಇಂಥ ಚುಕ್ಕಿ ಸಂಖ್ಯೆಗಳ ಗುರುತಿದೆ).

ಈ ಪಟ್ಟಿಯನ್ನು ಬೆಳಗ್ಗೆ ಕೆಲಸದ ಹೊತ್ತಿನಲ್ಲಿ ಒಮ್ಮೆ, ರಾತ್ರಿ ಕಚೇರಿ ಮುಚ್ಚಿದ ಮೇಲೆ ಒಮ್ಮೆ ತೆಗೆಯಿರಿ. ರಾತ್ರಿಯೂ ಎಚ್ಚರವಾಗಿರುವವುಗಳಲ್ಲಿ ಮೂಲಸೌಕರ್ಯದ ಸಾಧನಗಳೆಲ್ಲ ಇರಬೇಕು. ಅವುಗಳ ಜೊತೆ ಕ್ಯಾಮೆರಾ, ಡಿವಿಆರ್, ಸರ್ವರ್‌ಗಳೂ ಉಳಿದಿರುತ್ತವೆ. ಆದರೂ ಮುಂದಿನ ಕೆಲಸ ಅರ್ಧಕ್ಕರ್ಧ ಹಗುರವಾಗುತ್ತದೆ.

ಪಟ್ಟಿ ಕೈಗೆ ಬಂದ ಕೂಡಲೇ ಒಂದು ವಿಷಯ ನೋಡಿ: ಒಂದೇ ಮ್ಯಾಕ್ ವಿಳಾಸದ ಎದುರು ಹಲವು ಐಪಿಗಳಿವೆಯೇ? ಇದ್ದರೆ ಆ ಸಾಧನ ಬೇರೆಯವರ ಪರವಾಗಿ ಉತ್ತರ ಕೊಡುತ್ತಿರುವ ಸಾಧ್ಯತೆ ಹೆಚ್ಚು. ಮಲೆನಾಡಿನಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ. ಮನೆಗೂ ತೋಟದಾಚೆಯ ಗೋದಾಮಿಗೂ ಕೇಬಲ್ ಎಳೆಯಲಾಗದೆ ನಿಸ್ತಂತು ರೇಡಿಯೊ ಜೋಡಿ ಹಾಕಿರುತ್ತಾರೆ. ಆಚೆ ಬದಿಯ ರೇಡಿಯೊ ಪಾರದರ್ಶಕ ಸೇತುವೆಯಾಗಿರದೆ ಸಾಮಾನ್ಯ ಗ್ರಾಹಕನಂತೆ ಜೋಡಣೆಯಾಗಿದ್ದರೆ, ಅದರ ಹಿಂದಿನ ಎಲ್ಲ ಯಂತ್ರಗಳೂ ರೇಡಿಯೊದ ಮ್ಯಾಕ್ ವಿಳಾಸದಲ್ಲೇ ಕಾಣಿಸಿಕೊಳ್ಳುತ್ತವೆ. ತಂತ್ರಾಂಶ ಅದನ್ನು ತುದಿಯ ಸಾಧನ ಎಂದು ಬರೆದುಬಿಟ್ಟರೆ ಇಡೀ ಗೋದಾಮು ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಹಂತ 3: ಸಾಧನವನ್ನೇ ಕೇಳುವುದು

ಮೊದಲ ಪ್ರಶ್ನೆ ಸಿಸ್‌ಆಬ್ಜೆಕ್ಟ್‌ಐಡಿ, ಅಂದರೆ 1.3.6.1.2.1.1.2.0. ಉತ್ತರವಾಗಿ ತಯಾರಕರ ಗುರುತುಸಂಖ್ಯೆ ಇರುವ ಒಂದು ಸರಣಿ ಬರುತ್ತದೆ. 1.3.6.1.4.1 ಆದ ಮೇಲೆ 9 ಬಂದರೆ ಸಿಸ್ಕೊ, 2636 ಬಂದರೆ ಜುನಿಪರ್, 14988 ಬಂದರೆ ಮೈಕ್ರೋಟಿಕ್, 311 ಬಂದರೆ ಮೈಕ್ರೋಸಾಫ್ಟ್, 8072 ಬಂದರೆ ನೆಟ್-ಎಸ್‌ಎನ್‌ಎಂಪಿ, ಅಂದರೆ ಬಹುತೇಕ ಲಿನಕ್ಸ್ ಯಂತ್ರ.

ತಯಾರಕರ ಹೆಸರು ನೋಡಿ ನಿರ್ಧಾರಕ್ಕೆ ಬರಬೇಡಿ. 11 ಎಂದರೆ ಎಚ್‌ಪಿ. ಎಚ್‌ಪಿಯ ಪ್ರೊಕರ್ವ್ ಸ್ವಿಚ್ 1.3.6.1.4.1.11.2.3.7.11 ಎಂದು ಶುರುವಾಗುವ ಸರಣಿಯನ್ನು ಹೇಳಿದರೆ, ಅದೇ ಕಂಪನಿಯ ಜೆಟ್‌ಡೈರೆಕ್ಟ್ ಕಾರ್ಡ್ ಇರುವ ಪ್ರಿಂಟರ್ 1.3.6.1.4.1.11.2.3.9.1 ಎನ್ನುತ್ತದೆ. ಏಳು ಮತ್ತು ಒಂಬತ್ತರ ನಡುವಿನ ಈ ವ್ಯತ್ಯಾಸವನ್ನು ಗಮನಿಸದ ತಂತ್ರಾಂಶ ಪ್ರಿಂಟರನ್ನು ಸ್ವಿಚ್‌ಗಳ ಸಾಲಿಗೆ ಸೇರಿಸುತ್ತದೆ. ನಿಮ್ಮ ತಂತ್ರಾಂಶದ ನಿಯಮಪಟ್ಟಿಯನ್ನು ತೆರೆದು, ಅದು ಸರಣಿಯನ್ನು ಎಲ್ಲಿಯವರೆಗೆ ಹೋಲಿಸುತ್ತದೆ ಎಂದು ಖಚಿತಪಡಿಸಿಕೊಳ್ಳಿ.

ಎರಡನೆಯ ಪ್ರಶ್ನೆ ಸಿಸ್‌ಸರ್ವೀಸಸ್, 1.3.6.1.2.1.1.7.0. ಇದರ ಉತ್ತರ ಒಂದೇ ಒಂದು ಸಂಖ್ಯೆ; ಸಾಧನ ಯಾವ ಯಾವ ಪದರದಲ್ಲಿ ಕೆಲಸ ಮಾಡುತ್ತದೆ ಎಂಬುದರ ಮೊತ್ತ ಅದು (ನೆಟ್‌ವರ್ಕ್‌ನ ಕೆಲಸವನ್ನು ತಂತಿಯಿಂದ ತಂತ್ರಾಂಶದವರೆಗೆ ಏಳು ಪದರಗಳಾಗಿ ಎಣಿಸುತ್ತಾರೆ). ಒಂದನೆಯ ಪದರಕ್ಕೆ 1, ಎರಡನೆಯದಕ್ಕೆ 2, ಮೂರನೆಯದಕ್ಕೆ 4, ನಾಲ್ಕನೆಯದಕ್ಕೆ 8, ಏಳನೆಯದಕ್ಕೆ 64. ಹೀಗಾಗಿ 2 ಬಂದರೆ ಬರೀ ಸ್ವಿಚ್, 4 ಬಂದರೆ ಬರೀ ರೂಟರ್, 6 ಬಂದರೆ ಎರಡೂ ಕೆಲಸ ಮಾಡುವ ಸ್ವಿಚ್, 72 ಬಂದರೆ ಸರ್ವರ್ ಅಥವಾ ಕಂಪ್ಯೂಟರ್. ಎಷ್ಟೋ ರೂಟರ್‌ಗಳು 78 ಎನ್ನುತ್ತವೆ: 64, 8, 4, 2 ಕೂಡಿದರೆ ಅಷ್ಟಾಗುತ್ತದೆ. ಲೆಕ್ಕ ಚೆನ್ನಾಗಿದೆ, ಆದರೆ ಲಿನಕ್ಸ್ ಯಂತ್ರಗಳಲ್ಲಿ ಈ ಸಂಖ್ಯೆ ಸಂರಚನಾ ಕಡತದಲ್ಲಿ ಕೈಯಾರೆ ಬರೆದಿಟ್ಟ ಒಂದು ಸಾಲು. ಯಂತ್ರ ಏನು ಮಾಡುತ್ತಿದೆ ಎಂಬುದನ್ನು ಅಳೆದು ಕೊಟ್ಟ ಉತ್ತರ ಅದಲ್ಲ.

ಮೂರನೆಯದು ಐಪಿ-ಫಾರ್ವರ್ಡಿಂಗ್, 1.3.6.1.2.1.4.1.0. ಉತ್ತರ 1 ಬಂದರೆ ಸಾಧನ ಪ್ಯಾಕೆಟ್‌ಗಳನ್ನು ಮುಂದೆ ದಾಟಿಸಲು ಸಿದ್ಧವಿದೆ, 2 ಬಂದರೆ ಇಲ್ಲ. ಇಲ್ಲೂ ಒಂದು ಹಳ್ಳವಿದೆ. ತಂತ್ರಾಂಶಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಹಾಕಿದ ಲಿನಕ್ಸ್ ಸರ್ವರ್ ಆ ಕಂಟೇನರ್‌ಗಳಿಗಾಗಿ ಫಾರ್ವರ್ಡಿಂಗ್ ಅನ್ನು ಚಾಲೂ ಮಾಡಿಕೊಂಡಿರುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಒಂದೊಂದು ಮೇಜಿನ ಮೇಲೂ ‘ರೂಟರ್’ ಕಂಡರೆ ಕಾರಣ ಇದೇ ಇರಬಹುದು.

ಹಂತ 4: ಅಕ್ಕಪಕ್ಕದವರ ಸಾಕ್ಷ್ಯ

ಎಲ್‌ಎಲ್‌ಡಿಪಿ ಎಂಬುದು ಐಇಇಇ 802.1ಎಬಿ ಮಾನಕ, 2005ರಲ್ಲಿ ಅಂಗೀಕಾರವಾಯಿತು. ಇದನ್ನು ಬಲ್ಲ ಸಾಧನ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ತನ್ನ ಪರಿಚಯವನ್ನು ಪಕ್ಕದ ಸಾಧನಕ್ಕೆ ಕಳಿಸುತ್ತದೆ. ಆ ಪರಿಚಯದಲ್ಲಿ ಸಾಮರ್ಥ್ಯಗಳ ಸಾಲೊಂದಿದೆ: ರಿಪೀಟರ್, ಬ್ರಿಡ್ಜ್ (ಅಂದರೆ ಸ್ವಿಚ್‌ನ ಕೆಲಸ), ವೈಫೈ ಆಕ್ಸೆಸ್ ಪಾಯಿಂಟ್, ರೂಟರ್, ಟೆಲಿಫೋನ್, ಕೇಬಲ್ ಮೋಡೆಮ್, ಬರೀ ತುದಿಯ ಯಂತ್ರ, ಇತರೆ. ಸಿಸ್ಕೊ ಸಾಧನಗಳು ತಮ್ಮದೇ ಸಿಡಿಪಿಯನ್ನು 60 ಸೆಕೆಂಡಿಗೊಮ್ಮೆ ಕಳಿಸುತ್ತವೆ. ಮೈಕ್ರೋಟಿಕ್‌ನ ಪರಿಚಯ ಸಂದೇಶ ಯುಡಿಪಿ 5678ರಲ್ಲಿ ಬರುತ್ತದೆ.

ಓದುವಾಗ ಮೂರು ಎಚ್ಚರಿಕೆ ಬೇಕು. ಸಾಮರ್ಥ್ಯಗಳ ಪಟ್ಟಿ ಎರಡಿರುತ್ತವೆ: ಸಾಧನಕ್ಕೆ ಸಾಧ್ಯವಿರುವುದು ಒಂದು, ಸದ್ಯ ಚಾಲೂ ಇರುವುದು ಇನ್ನೊಂದು. ಎರಡನೆಯದನ್ನೇ ಓದಿ. ಟೆಲಿಫೋನ್ ಎಂಬ ಗುರುತು ಇದ್ದರೆ ಬ್ರಿಡ್ಜ್ ಎಂಬ ಗುರುತೂ ಜೊತೆಗಿದ್ದರೂ ಅದನ್ನು ತುದಿಯ ಸಾಧನವೆಂದೇ ಪರಿಗಣಿಸಿ. ಮೇಜಿನ ಐಪಿ ಫೋನಿನ ಹೊಟ್ಟೆಯಲ್ಲಿ ಕಂಪ್ಯೂಟರಿಗಾಗಿ ಪುಟ್ಟ ಸ್ವಿಚ್ ಇರುವುದರಿಂದ ಆ ಗುರುತು ಬಂದಿರುತ್ತದೆ. ಮೂರನೆಯದು ಎಲ್ಲಕ್ಕಿಂತ ಉಪಯುಕ್ತವಾದದ್ದು. ಮಾನಕಕ್ಕೆ ಬದ್ಧವಾದ ಸ್ವಿಚ್ ಎಲ್‌ಎಲ್‌ಡಿಪಿ ಸಂದೇಶವನ್ನು ತನ್ನಿಂದಾಚೆಗೆ ದಾಟಿಸುವುದಿಲ್ಲ, ಆದರೆ ನಿರ್ವಹಣೆಯಿಲ್ಲದ ಅಗ್ಗದ ಸ್ವಿಚ್‌ಗಳು ಅನೇಕ ಸಲ ದಾಟಿಸಿಬಿಡುತ್ತವೆ. ಆದ್ದರಿಂದ ಒಂದೇ ಪೋರ್ಟ್‌ನಲ್ಲಿ ಇಬ್ಬರು ನೆರೆಯವರು ಕಂಡರೆ ನಡುವೆ ಹೆಸರಿಲ್ಲದ ಪೆಟ್ಟಿಗೆಯೊಂದಿದೆ ಎಂದು ತಿಳಿಯಿರಿ.

ಹಂತ 5: ಫಾರ್ವರ್ಡಿಂಗ್ ಪಟ್ಟಿಯನ್ನು ಓದುವುದು

ಇಡೀ ಕೆಲಸದ ತಿರುಳು ಇಲ್ಲಿದೆ. ಸಮಯವಿದ್ದರೆ ಬೇರೆ ಹಂತಗಳಿಗಿಂತ ಹೆಚ್ಚು ಹೊತ್ತು ಇದರ ಮುಂದೆ ಕೂರಿ.

ಪ್ರತಿ ಸ್ವಿಚ್ ಯಾವ ಮ್ಯಾಕ್ ವಿಳಾಸವನ್ನು ಯಾವ ಪೋರ್ಟ್‌ನಲ್ಲಿ ಕಂಡೆ ಎಂದು ಪಟ್ಟಿ ಇಟ್ಟಿರುತ್ತದೆ. ಅದು 1.3.6.1.2.1.17.4.3 ಎಂಬಲ್ಲಿದೆ, ವಿಎಲ್‌ಎಎನ್ ಸಮೇತ ಬೇಕಾದರೆ 1.3.6.1.2.1.17.7.1.2.2 ಎಂಬಲ್ಲಿ. ಒಂದು ಸಾಲು ಹೀಗಿರುತ್ತದೆ:

1.3.6.1.2.1.17.4.3.1.2.0.27.33.170.4.9 = 17

ಕೊನೆಯ ಆರು ಸಂಖ್ಯೆಗಳೇ ದಶಮಾನ ರೂಪದ ಮ್ಯಾಕ್ ವಿಳಾಸ. ಮೊದಲ ಮೂರಾದ 0, 27, 33 ಹದಿನಾರಂಕಿಯಲ್ಲಿ 00:1ಬಿ:21 ಆಗುತ್ತವೆ. ಅದು ಇಂಟೆಲ್ ನೆಟ್‌ವರ್ಕ್ ಕಾರ್ಡ್. ಬಲಗಡೆಯ 17 ಅದು ಕಂಡ ಪೋರ್ಟ್. ಈ ಪೋರ್ಟ್ ಸಂಖ್ಯೆಯೂ ಸ್ವಿಚ್‌ನ ಇಂಟರ್‌ಫೇಸ್ ಸಂಖ್ಯೆಯೂ ಒಂದೇ ಆಗಿರಬೇಕೆಂದಿಲ್ಲ, 1.3.6.1.2.1.17.1.4.1.2 ಎಂಬ ಪಟ್ಟಿಯಲ್ಲಿ ಎರಡನ್ನೂ ಹೊಂದಿಸಿಕೊಳ್ಳಬೇಕು. ಸಿಸ್ಕೊದ ಹಳೆಯ ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲಿ ಒಂದೊಂದು ವಿಎಲ್‌ಎಎನ್‌ಗೂ ಬೇರೆ ಬೇರೆಯಾಗಿ, ಸಂಕೇತಪದದ ಕೊನೆಗೆ @ ಮತ್ತು ವಿಎಲ್‌ಎಎನ್ ಸಂಖ್ಯೆ ಸೇರಿಸಿ ಕೇಳಬೇಕು. ಇದನ್ನು ಮಾಡದ ತಂತ್ರಾಂಶಕ್ಕೆ ಒಂದೇ ವಿಎಲ್‌ಎಎನ್ ಕಾಣುತ್ತದೆ, ಉಳಿದವು ಖಾಲಿ ಎಂದುಕೊಳ್ಳುತ್ತದೆ.

ಪಟ್ಟಿಯಲ್ಲಿನ ನಮೂದುಗಳು ಸಾಮಾನ್ಯವಾಗಿ 300 ಸೆಕೆಂಡ್ ಸುಮ್ಮನಿದ್ದರೆ ಅಳಿಸಿಹೋಗುತ್ತವೆ. ಆದ್ದರಿಂದ ಓದುವ ಮುನ್ನ ಇಡೀ ಜಾಲಕ್ಕೆ ಒಂದು ಸುತ್ತು ಎಆರ್‌ಪಿ ಕಳಿಸಿ ಎಲ್ಲರನ್ನೂ ಮಾತಾಡಿಸಿ. ಮಾತಾಡದ ಯಂತ್ರ ಪಟ್ಟಿಯಲ್ಲಿ ಇರುವುದಿಲ್ಲ.

ಈಗ ಒಂದು ಅಡಿಕೆ ಮಂಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮುಂದಿನ ಕಚೇರಿಯಲ್ಲಿ 24 ಪೋರ್ಟ್‌ಗಳ ನಿರ್ವಹಿತ ಸ್ವಿಚ್ ಇದೆ. ಒಂದರಿಂದ ಹನ್ನೆರಡರವರೆಗಿನ ಪೋರ್ಟ್‌ಗಳಲ್ಲಿ ಒಂದೊಂದೇ ಮ್ಯಾಕ್: ಹಂತ 6ರಲ್ಲಿ ಹೇಳುವ ಮರೆ ಇಲ್ಲದಿದ್ದರೆ ಇವು ತುದಿಯ ಸಾಧನಗಳು. 24ನೇ ಪೋರ್ಟ್‌ನಲ್ಲಿ ಹಲವು ಮ್ಯಾಕ್‌ಗಳಿವೆ, ಎಲ್‌ಎಲ್‌ಡಿಪಿ ನೆರೆಯಾಗಿ ಮೇಲ್ಮಹಡಿಯ ಸ್ವಿಚ್ ಕಾಣುತ್ತದೆ: ಅದು ಎರಡು ಸ್ವಿಚ್‌ಗಳ ನಡುವಿನ ಕೊಂಡಿ. 17ನೇ ಪೋರ್ಟ್‌ನಲ್ಲಿ ಏಳು ಮ್ಯಾಕ್‌ಗಳಿವೆ, ಎಲ್‌ಎಲ್‌ಡಿಪಿ ನೆರೆ ಯಾರೂ ಇಲ್ಲ. ಏಳರಲ್ಲಿ ಮೂರು ಕ್ಯಾಮೆರಾ ತಯಾರಕರವು, ಒಂದು ಬಿಲ್ ಪ್ರಿಂಟರ್, ಒಂದು ತೂಕದ ಯಂತ್ರದ ಪಕ್ಕದ ಕಂಪ್ಯೂಟರ್, ಎರಡು ಮೊಬೈಲ್. ಈ ಏಳರಲ್ಲಿ ಯಾವುದೂ ಸ್ವಿಚ್ ಅಲ್ಲ, ಆದರೂ ಏಳನ್ನು ಒಂದೇ ತಂತಿಗೆ ಕೂಡಿಸಿದ್ದು ಏನೋ ಇರಲೇಬೇಕು. ಐಪಿಯಿಲ್ಲದ, ಪಿಂಗ್‌ಗೆ ಉತ್ತರಿಸದ, ಯಾವ ಶೋಧನೆಗೂ ನೇರವಾಗಿ ಸಿಗದ ಸಣ್ಣ ಸ್ವಿಚ್ ಅದು. ಮೊಬೈಲ್‌ಗಳೂ ಕಾಣುತ್ತಿರುವುದರಿಂದ ಅದರ ಹಿಂದೆ ವೈಫೈ ಪೆಟ್ಟಿಗೆಯೂ ಇದೆ. ಗೋದಾಮಿನ ಅಟ್ಟದ ಮೇಲೋ ಮೂಟೆಗಳ ಹಿಂದೋ ಹುಡುಕಿದರೆ ಎರಡೂ ಸಿಗುತ್ತವೆ. ಮಂಡಿಯ ತೂಕದ ಲೆಕ್ಕವೆಲ್ಲ ಆ ಸಣ್ಣ ಸ್ವಿಚ್‌ನ ಮೂಲಕವೇ ಹೋಗುವುದರಿಂದ, ಅಲ್ಲಿನ ಅತಿ ಮುಖ್ಯ ಸಾಧನಗಳಲ್ಲಿ ಅದೂ ಒಂದು.

ಒಳ್ಳೆಯ ತಂತ್ರಾಂಶ ಇಂಥ ಕಡೆ ‘ಊಹಿಸಿದ ಸ್ವಿಚ್’ ಎಂಬ ಗುರುತನ್ನು ತಾನೇ ಇಡುತ್ತದೆ. ನಿಮ್ಮದು ಇಡದಿದ್ದರೆ ನೀವೇ ಕೈಯಾರೆ ಇಡಿ.

ಬಹಳ ಮ್ಯಾಕ್ ಕಂಡಲ್ಲೆಲ್ಲ ಗುಪ್ತ ಸ್ವಿಚ್ ಇದೆ ಎಂದೂ ಅಲ್ಲ. ಮ್ಯಾಕ್‌ಗಳು 00:50:56, 08:00:27 ಅಥವಾ 00:15:5ಡಿ ಎಂದು ಶುರುವಾಗುತ್ತಿದ್ದರೆ ಅವು ಕ್ರಮವಾಗಿ ವಿಎಂವೇರ್, ವರ್ಚುವಲ್‌ಬಾಕ್ಸ್, ಹೈಪರ್-ವಿಯ ಮಿಥ್ಯಾಯಂತ್ರಗಳು. ಒಂದೇ ಭೌತಿಕ ಸರ್ವರ್‌ನ ಒಳಗಿವೆ. ಅಂಥ ಸರ್ವರ್ ಎರಡು ಜಾತಿಗೂ ಸೇರುತ್ತದೆ. ನಾನಾದರೆ ಅದನ್ನು ಮೂಲಸೌಕರ್ಯದ ಪಟ್ಟಿಯಲ್ಲೇ ಇಡುತ್ತೇನೆ, ಏಕೆಂದರೆ ಅದು ನಿಂತರೆ ಅದರೊಳಗಿನವೆಲ್ಲ ನಿಲ್ಲುತ್ತವೆ. ಎರಡು ಮ್ಯಾಕ್ ಮಾತ್ರ ಇದ್ದು ಒಂದು ಐಪಿ ಫೋನಿನದಾದರೆ, ಅದು ಫೋನಿನ ಹಿಂದೆ ಸಿಕ್ಕಿಸಿದ ಕಂಪ್ಯೂಟರ್.

ಹಂತ 6: ಮನೆಬಳಕೆಯ ರೂಟರ್ ಎಂಬ ಮರೆ

ಸಿಬ್ಬಂದಿ ಅಂಗಡಿಯಿಂದ ತಂದ ವೈಫೈ ರೂಟರ್‌ನ ವ್ಯಾನ್ ಪೋರ್ಟ್‌ಗೆ (ಹೊರಜಾಲದ ಕಡೆಯ ಪೋರ್ಟ್‌ಗೆ) ಕಚೇರಿಯ ಕೇಬಲ್ ಸಿಕ್ಕಿಸಿದರೆ ಫಾರ್ವರ್ಡಿಂಗ್ ಪಟ್ಟಿಯಲ್ಲಿ ಒಂದೇ ಮ್ಯಾಕ್ ಕಾಣುತ್ತದೆ. ಹಿಂದಿರುವ ಹತ್ತು ಯಂತ್ರಗಳು ವಿಳಾಸ ಪರಿವರ್ತನೆಯ ಮರೆಯಲ್ಲಿರುತ್ತವೆ. ಇದನ್ನು ಬಯಲಿಗೆಳೆಯುವುದು ಟಿಟಿಎಲ್, ಅಂದರೆ ಪ್ರತಿ ಪ್ಯಾಕೆಟ್ ಹೊತ್ತಿರುವ ಆಯುಷ್ಯದ ಎಣಿಕೆ. ಲಿನಕ್ಸ್ ಮತ್ತು ಆಂಡ್ರಾಯ್ಡ್ ಪ್ಯಾಕೆಟ್‌ಗಳು 64ರಿಂದ, ವಿಂಡೋಸ್‌ನವು 128ರಿಂದ ಹೊರಡುತ್ತವೆ. ದಾಟಿದ ಪ್ರತಿ ರೂಟರ್ ಒಂದನ್ನು ಕಳೆಯುತ್ತದೆ. ಬೇರೆ ಪೋರ್ಟ್‌ನ ಸಂಚಾರದ ನಕಲು ಸಿಗುವ, ಸ್ವಿಚ್‌ನ ಮಿರರ್ ಪೋರ್ಟ್‌ನಲ್ಲಿ ಪ್ಯಾಕೆಟ್‌ಗಳನ್ನು ಹಿಡಿದು ನೋಡಿ. ಒಂದೇ ಮ್ಯಾಕ್‌ನಿಂದ 63 ಮತ್ತು 127 ಎರಡೂ ಬರುತ್ತಿದ್ದರೆ ಅದು ಕಂಪ್ಯೂಟರ್ ಅಲ್ಲ, ಹಿಂದೆ ಬಗೆಬಗೆಯ ಯಂತ್ರಗಳಿರುವ ರೂಟರ್.

ಹಂತ 7: ಎಸ್‌ಎನ್‌ಎಂಪಿಗೆ ಉತ್ತರಿಸದವು

ಇವುಗಳಿಗೆ ಸಣ್ಣಪುಟ್ಟ ಸುಳಿವುಗಳೇ ಗತಿ. ತೆರೆದ ಪೋರ್ಟ್‌ಗಳಲ್ಲಿ 9100 ಅಥವಾ 631 ಇದ್ದರೆ ಪ್ರಿಂಟರ್, 554 ಇದ್ದರೆ ಕ್ಯಾಮೆರಾ ಅಥವಾ ಡಿವಿಆರ್, 445 ಮತ್ತು 3389 ಇದ್ದರೆ ವಿಂಡೋಸ್, 8291 ಇದ್ದರೆ ಮೈಕ್ರೋಟಿಕ್ ಎಂದು ಊಹಿಸಬಹುದು. ಐಪಿ ವಿಳಾಸ ಹಂಚುವ ವ್ಯವಸ್ಥೆಯಾದ ಡಿಎಚ್‌ಸಿಪಿಗೆ ಕಳಿಸುವ ಕೋರಿಕೆಯಲ್ಲಿ ವಿಂಡೋಸ್ ತನ್ನನ್ನು ‘ಎಂಎಸ್‌ಎಫ್‌ಟಿ 5.0’ ಎಂದು ಹೇಳಿಕೊಳ್ಳುತ್ತದೆ. 1997ರಲ್ಲಿ ಮೊದಲು ಬಿಡುಗಡೆಯಾದ ಎನ್‌ಮ್ಯಾಪ್ ಉತ್ತರಗಳ ಚಹರೆ ನೋಡಿ ಸಾಧನದ ಬಗೆಯನ್ನು ಊಹಿಸುತ್ತದೆ. ಅದು ಶೇಕಡಾವಾರು ಖಚಿತತೆ ಕೊಟ್ಟಾಗ ಅದನ್ನು ಊಹೆಯಾಗಿಯೇ ತೆಗೆದುಕೊಳ್ಳಿ. ಮ್ಯಾಕ್ ವಿಳಾಸದ ಎರಡನೆಯ ಅಂಕಿ 2, 6, ಎ ಅಥವಾ ಇ ಆಗಿದ್ದರೆ ತಯಾರಕರ ಹೆಸರನ್ನು ಹುಡುಕಲು ಹೋಗಬೇಡಿ. ಅದು ಸ್ಥಳೀಯವಾಗಿ ಕೊಟ್ಟುಕೊಂಡ ವಿಳಾಸ, ಹೆಚ್ಚಾಗಿ ಮೊಬೈಲ್‌ನದು.

ಹಂತ 8: ಅಂಕ ಹಾಕಿ ತೀರ್ಮಾನಿಸುವುದು

ಕೆಳಗಿನ ಅಂಕಗಳು ನನ್ನ ಸಲಹೆ. ನಿಮ್ಮ ಜಾಲಕ್ಕೆ ತಕ್ಕಂತೆ ತಿದ್ದಿಕೊಳ್ಳಿ.

ಪಕ್ಕದ ಸಾಧನದ ಎಲ್‌ಎಲ್‌ಡಿಪಿ ಪಟ್ಟಿಯಲ್ಲಿ ಬ್ರಿಡ್ಜ್, ರೂಟರ್ ಅಥವಾ ಆಕ್ಸೆಸ್ ಪಾಯಿಂಟ್ ಚಾಲೂ ಎಂದಿದ್ದರೆ: 4
ತನ್ನ ಫಾರ್ವರ್ಡಿಂಗ್ ಪಟ್ಟಿಯಲ್ಲಿ ಹಲವು ಪೋರ್ಟ್‌ಗಳಲ್ಲಿ ಮ್ಯಾಕ್‌ಗಳಿದ್ದರೆ: 4
ಪ್ಯಾಕೆಟ್ ಹಾದುಹೋಗುವ ದಾರಿ ತೋರಿಸುವ ಟ್ರೇಸ್‌ರೂಟ್‌ನ ನಡುವೆ ಕಂಡರೆ, ಅಥವಾ ಡಿಎಚ್‌ಸಿಪಿ ಅದನ್ನೇ ಗೇಟ್‌ವೇ (ಜಾಲದಿಂದ ಹೊರಹೋಗುವ ಬಾಗಿಲು) ಎಂದು ಹಂಚುತ್ತಿದ್ದರೆ: 4
ಸಿಸ್‌ಆಬ್ಜೆಕ್ಟ್‌ಐಡಿ ಸ್ವಿಚ್ ಅಥವಾ ರೂಟರ್‌ನದಾಗಿದ್ದರೆ: 2
ಐಪಿ-ಫಾರ್ವರ್ಡಿಂಗ್ 1 ಆಗಿದ್ದರೆ: 1
ಸಿಸ್‌ಸರ್ವೀಸಸ್‌ನಲ್ಲಿ ಎರಡನೆಯ ಅಥವಾ ಮೂರನೆಯ ಪದರವಿದ್ದರೆ: 1

ಐದು ಅಂಕ ದಾಟಿದ್ದು ಅಥವಾ ಮುಟ್ಟಿದ್ದು ಮೂಲಸೌಕರ್ಯ. ಕೊನೆಯ ಮೂರು ಸ್ವಂತ ಹೇಳಿಕೆಗಳು ಒಟ್ಟಾದರೂ ನಾಲ್ಕನ್ನು ಮೀರುವುದಿಲ್ಲ ಎಂಬುದನ್ನು ಗಮನಿಸಿ. ಮಾಡಿದ ಕೆಲಸದ ದಾಖಲೆಯಾಗಲಿ ನೆರೆಯವರ ಸಾಕ್ಷ್ಯವಾಗಲಿ ಇಲ್ಲದೆ ಯಾವ ಸಾಧನವೂ ಗೆರೆ ದಾಟಬಾರದು ಎಂದೇ ಹಾಗೆ ಇಟ್ಟಿದ್ದೇನೆ. ಡಾಕರ್ ಇರುವ ಸರ್ವರ್‌ಗೆ ಒಂದೇ ಅಂಕ ಸಿಕ್ಕಿ ತುದಿಯ ಸಾಲಿನಲ್ಲೇ ಉಳಿಯುತ್ತದೆ. 1.3.6.1.2.1.43 ಎಂಬ ಪ್ರಿಂಟರ್ ಪಟ್ಟಿಗೆ ಉತ್ತರಿಸಿದ ಸಾಧನ, ಟೆಲಿಫೋನ್ ಗುರುತಿರುವ ಸಾಧನ, ಇವೆರಡನ್ನು ಅಂಕ ಎಷ್ಟೇ ಇರಲಿ ತುದಿಗೇ ಹಾಕಿ. ಎರಡರಿಂದ ನಾಲ್ಕು ಅಂಕದವನ್ನು ‘ಪರಿಶೀಲಿಸಬೇಕು’ ಎಂಬ ಮೂರನೆಯ ಪಟ್ಟಿಯಲ್ಲಿಡಿ. ಬಲವಂತವಾಗಿ ಯಾವ ಕಡೆಗೂ ತಳ್ಳಬೇಡಿ.

ಹಂತ 9: ಒಂದೇ ಸಾಧನದ ಹಲವು ಮುಖಗಳನ್ನು ಕೂಡಿಸುವುದು

ಆರು ವಿಎಲ್‌ಎಎನ್‌ಗಳಿಗೆ ಗೇಟ್‌ವೇ ಆಗಿರುವ ಸ್ವಿಚ್ ಪಟ್ಟಿಯಲ್ಲಿ ಆರು ಸಾಧನಗಳಾಗಿ ಕಾಣುತ್ತದೆ. ಅದರದೇ ಐಪಿ ವಿಳಾಸಗಳ ಪಟ್ಟಿಯನ್ನು 1.3.6.1.2.1.4.20ರಲ್ಲಿ ಓದಿ, ಆರನ್ನೂ ಒಂದಾಗಿಸಿ. 00:00:5ಇ:00:01 ಎಂದು ಶುರುವಾಗುವ ಮ್ಯಾಕ್ ಕಂಡರೆ ಅದು ವಿಆರ್‌ಆರ್‌ಪಿಯಲ್ಲಿ (ಒಂದು ರೂಟರ್ ಕೆಟ್ಟರೆ ಇನ್ನೊಂದು ಅದರ ಜಾಗಕ್ಕೆ ನಿಲ್ಲುವ ಏರ್ಪಾಡಿನಲ್ಲಿ) ಎರಡು ರೂಟರ್‌ಗಳು ಹಂಚಿಕೊಂಡ ವಿಳಾಸ. ಅದನ್ನು ಮೂರನೆಯ ಸಾಧನವಾಗಿ ಎಣಿಸಬೇಡಿ.

ಹಂತ 10: ನಡೆದು ನೋಡುವುದು, ಮಳೆಗಾಲದ ಬಳಿಕ ಮತ್ತೆ ಓಡಿಸುವುದು

ಮೂರನೆಯ ಪಟ್ಟಿಯನ್ನೂ ಊಹಿಸಿದ ಸ್ವಿಚ್‌ಗಳನ್ನೂ ಕೈಯಲ್ಲಿ ಹಿಡಿದು ಕಟ್ಟಡದಲ್ಲಿ ಓಡಾಡಿ. ಫೈಬರ್‌ನ ಸಂಕೇತವನ್ನು ತಾಮ್ರದ ಕೇಬಲ್‌ಗೆ ಬದಲಿಸುವ ಮೀಡಿಯಾ ಕನ್ವರ್ಟರ್‌ಗಳಂತೂ ಮ್ಯಾಕ್ ಪಟ್ಟಿಯಲ್ಲೂ ಸುಳಿವು ಬಿಡುವುದಿಲ್ಲ, ಕಣ್ಣಿನಿಂದಲೇ ಹುಡುಕಬೇಕು. ಸಿಕ್ಕ ಪ್ರತಿ ಪೆಟ್ಟಿಗೆಗೂ ಹೆಸರಿನ ಚೀಟಿ ಅಂಟಿಸಿ. ಮಲೆನಾಡಿನ ತೇವಕ್ಕೆ ಸಾದಾ ಕಾಗದ ಒಂದು ಮಳೆಗಾಲವೂ ಬಾಳುವುದಿಲ್ಲ, ಪ್ಲಾಸ್ಟಿಕ್ ಚೀಟಿಯೇ ಆಗಬೇಕು. ಅದೇ ಹೆಸರನ್ನು ತಂತ್ರಾಂಶದಲ್ಲೂ, ಸಾಧ್ಯವಿದ್ದರೆ ಸಾಧನದ ಸಿಸ್‌ಲೊಕೇಶನ್ ಎಂಬ ಜಾಗದ ಕಲಮಿನಲ್ಲೂ ಬರೆಯಿರಿ.

ಮೊದಲ ಗುಡುಗಿಗೆ ಮುಂಚೆ, ಅಂದರೆ ಮಾರ್ಚ್ ಹೊತ್ತಿಗೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಶೋಧನೆ ನಡೆಸಿ, ಎರಡು ಬಾರಿಯ ಫಾರ್ವರ್ಡಿಂಗ್ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಪೋರ್ಟ್‌ವಾರು ಮ್ಯಾಕ್‌ಗಳ ಎಣಿಕೆ ಹೋಲಿಸಿ. ಒಂದೇ ಮ್ಯಾಕ್ ಇದ್ದ ಪೋರ್ಟ್‌ನಲ್ಲಿ ಈಗ ಐದು ಕಂಡರೆ ಆ ನಡುವಿನ ತಿಂಗಳುಗಳಲ್ಲಿ ಯಾರೋ ಅಲ್ಲೊಂದು ಸ್ವಿಚ್ ಸೇರಿಸಿರುವ ಸಾಧ್ಯತೆ ಹೆಚ್ಚು. ಪರಿಶೀಲನೆಯನ್ನು ಆ ಪೋರ್ಟ್‌ನಿಂದ ಶುರು ಮಾಡಿ.